ಓದದೆ ಸಹಿ ಹಾಕಬೇಡಿ: ಟೆಂಡರ್ ಕಾಗದವೂ ಕನ್ನಡ ಹೋರಾಟವೇ

ಗಡಿ ತಾಲ್ಲೂಕುಗಳ ತಮ್ಮಂದಿರೇ, ತಂಗಿಯರೇ,

ಇವತ್ತು ನಾಮಫಲಕದ ಮಾತಲ್ಲ, ಶಾಲೆಯ ಮಾತೂ ಅಲ್ಲ. ನಮ್ಮ ಹುಡುಗರ ಹೊಟ್ಟೆ ಮೇಲೆ ಹೊಡೀತಿರೋ ಒಂದು ಕಾಗದದ ಮಾತು. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಕೊಯಮತ್ತೂರಿನ ಗಣಪತಿ ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತು. ಚಾಮರಾಜನಗರ, ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲ, ಅನ್ನೂರಿನ ಮೇಲೆ ಬರೋ ಬಸ್ಸು ಊರೊಳಗೆ ಬರೋದೇ ಗಣಪತಿ ಮೂಲಕ. ತಾಳವಾಡಿ ಕಡೆ ಹುಡುಗರು ಬ್ಯಾಗ್ ಹಿಡ್ಕೊಂಡು ಇಳಿಯೋದೂ ಇಲ್ಲೇ. ಮೊದಲು ಫೌಂಡ್ರಿಯಲ್ಲಿ ಇಲ್ಲಾ ಕಟ್ಟಡ ಕೆಲಸದಲ್ಲಿ ಆಳು. ನಾಲ್ಕೈದು ವರ್ಷದಲ್ಲಿ ಮೇಸ್ತ್ರಿ. ಧೈರ್ಯ ಇದ್ದವನು ಆಮೇಲೆ ಸಣ್ಣ ಕಾಂಟ್ರಾಕ್ಟರ್: ಚರಂಡಿ, ಶಾಲೆ ಕಾಂಪೌಂಡು, ಅಂಗನವಾಡಿ ರಿಪೇರಿ, ರಸ್ತೆಗೆ ಪ್ಯಾಚ್ ಕೆಲಸ.

ಅಂಥ ಒಬ್ಬ ತಮ್ಮ ಮೊನ್ನೆ ನಮ್ಮ ಹತ್ರ ಬಂದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಒಳಗೆ ಎರಡು ಕಾಗದ. ಒಂದು ಸ್ಥಳೀಯ ಸಂಸ್ಥೆಯ ಚರಂಡಿ ಕೆಲಸ ಹಿಡಿದಿದ್ದ. ಮುಕ್ಕಾಲು ಪಾಲು ಮುಗಿಸಿದ್ದ. ಅಷ್ಟರಲ್ಲಿ ನೀರಿನ ಪೈಪು ಅಡ್ಡ ಬಂತು. ಅದನ್ನ ಎತ್ತಿ ಬೇರೆ ಕಡೆ ಹಾಕೋದು ಆಫೀಸಿನ ಕೆಲಸ, ಅವರು ಹಾಕಲಿಲ್ಲ. ಕೆಲಸ ನಿಂತಿತು, ಗಡುವು ಮುಗೀತು. ಒಂದು ಕಾಗದ ಬಂತು. ಎರಡು ತಿಂಗಳಾದ ಮೇಲೆ ಇನ್ನೊಂದು ಬಂತು. ಕರಾರು ರದ್ದು, ಠೇವಣಿ ಮುಟ್ಟುಗೋಲು, ಎರಡು ವರ್ಷ ಕಪ್ಪುಪಟ್ಟಿ.

"ಅಣ್ಣಾ, ಪೈಪು ಅವರದ್ದು. ನಾನ್ ಹೆಂಗ್ ತಪ್ಪಿತಸ್ಥ?" ಅಂದ.

ನಾವು ಕೇಳಿದ್ವಿ: ಪೈಪು ಅಡ್ಡ ಇದೆ ಅಂತ ಬರೆದು ಕೊಟ್ಟಿದ್ಯಾ?

"ಇಲ್ಲಣ್ಣ, ಇಂಜಿನಿಯರ್‌ಗೆ ಫೋನ್ ಮಾಡಿ ಹೇಳಿದ್ದೆ. ಮಾಡೋಣ ಅಂದಿದ್ರು."

ಮೊದಲನೇ ಕಾಗದಕ್ಕೆ ಉತ್ತರ ಕೊಟ್ಯಾ?

ತಲೆ ಕೆಳಗೆ ಹಾಕಿದ. "ಓದಕ್ಕೆ ಬರಲಿಲ್ಲ ಅಣ್ಣಾ. ಬಿಲ್ ವಿಷಯ ಅಂದ್ಕೊಂಡು ಎತ್ತಿಟ್ಟೆ."

ಅದು ಬಿಲ್ ವಿಷಯ ಅಲ್ಲ, ಕಾರಣ ಕೇಳಿ ಕೊಟ್ಟ ನೋಟಿಸು. 15 ದಿನದೊಳಗೆ ಉತ್ತರ ಕೊಡಿ ಅಂತ ತಮಿಳಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಈ ಹುಡುಗ ತಮಿಳು ನೀರು ಕುಡಿದ ಹಾಗೆ ಮಾತಾಡ್ತಾನೆ. ಆದರೆ ಓದಿದ್ದು ತಾಳವಾಡಿ ಕಡೆ ಕನ್ನಡ ಮಾಧ್ಯಮದಲ್ಲಿ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ಕ್ಲಾಸಿಂದ ಹಂತ ಹಂತವಾಗಿ ಜಾರಿಗೆ ಬಂದದ್ದು. ಅದಕ್ಕಿಂತ ಮುಂಚೆ ಶಾಲೆ ಸೇರಿದ ನಮ್ಮ ಎಷ್ಟೋ ಹುಡುಗರಿಗೆ ಆಫೀಸಿನ ತಮಿಳು ಓದಕ್ಕೆ ಬರಲ್ಲ. ಅವರೇ ಈಗ ಮೂವತ್ತು ದಾಟಿ ಟೆಂಡರ್ ಹಾಕ್ತಿರೋದು.

ಹೊಟ್ಟೆ ಉರಿಯೋ ಸಂಗತಿ ಇನ್ನೊಂದಿದೆ. ಆ ನೋಟಿಸಿನಲ್ಲಿ ಕಪ್ಪುಪಟ್ಟಿಗೆ ಹಾಕ್ತೀವಿ ಅನ್ನೋ ಒಂದು ಮಾತೂ ಇರಲಿಲ್ಲ. ಗುತ್ತಿಗೆದಾರನ ಮಾತು ಕೇಳದೆ ಅವನನ್ನ ಕಪ್ಪುಪಟ್ಟಿಗೆ ಹಾಕೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು ಎರುಶಿಯನ್ ಇಕ್ವಿಪ್‌ಮೆಂಟ್ ಕೇಸಲ್ಲಿ ಹೇಳಿ 50 ವರ್ಷ ಆಯ್ತು. ನೋಟಿಸಿನಲ್ಲೇ ಕಪ್ಪುಪಟ್ಟಿಯ ಮಾತು ಸ್ಪಷ್ಟವಾಗಿ ಇರಬೇಕು ಅಂತ 2014ರಲ್ಲಿ ಗೋರ್ಖಾ ಸೆಕ್ಯುರಿಟಿ ಕೇಸಲ್ಲಿ ಹೇಳಿತು. 2020ರಲ್ಲಿ ಯುಎಂಸಿ ಟೆಕ್ನಾಲಜೀಸ್ ಕೇಸಲ್ಲಿ ಭಾರತ ಆಹಾರ ನಿಗಮದ ಆದೇಶವನ್ನ ಇದೇ ಕಾರಣಕ್ಕೆ ಹೊಡೆದು ಹಾಕಿತು. ಅಂದ್ರೆ ಕಾನೂನು ನಮ್ಮ ಹುಡುಗನ ಕಡೆಗೇ ಇತ್ತು. ಅದು ಅವನಿಗೆ ಗೊತ್ತಿರಲಿಲ್ಲ. ನಮಗೂ, ಕನ್ನಡ ಕನ್ನಡ ಅಂತ ಕೂಗೋ ನಮ್ಮ ಯಾವ ಸಂಘಕ್ಕೂ, ಅವನಿಗೆ ಹೇಳಬೇಕು ಅನ್ನೋದು ತೋಚಿರಲಿಲ್ಲ.

ಅದಕ್ಕೇ ಈ ಬರಹ.

"ಕನ್ನಡ ಹೋರಾಟಕ್ಕೂ ಟೆಂಡರಿಗೂ ಏನ್ರೀ ಸಂಬಂಧ? ಕಾಂಟ್ರಾಕ್ಟರು ಅಂದ್ರೆ ದುಡ್ಡು ಮಾಡೋರು, ಅವರ ಪಾಡು ಅವರಿಗೆ" ಅಂತ ಕೆಲವರು ಹೇಳ್ತಾರೆ. ನಮ್ಮ ಹಿರಿಯರಲ್ಲೂ ಹೇಳೋರಿದ್ದಾರೆ. ಅವರಿಗೆ ನಮ್ಮ ಉತ್ತರ ಇದು. ನೂರಾರು ಕೋಟಿಯ ಮೇಲ್ಸೇತುವೆ ಕಟ್ಟೋರ ಮಾತು ನಾವು ಆಡ್ತಿಲ್ಲ. ಅವರಿಗೆ ವಕೀಲರ ದಂಡೇ ಇರುತ್ತೆ. ಐದು ಲಕ್ಷ, ಹತ್ತು ಲಕ್ಷದ ಕೆಲಸಕ್ಕೆ ಹೆಂಡತಿ ಒಡವೆ ಅಡ ಇಟ್ಟು ಠೇವಣಿ ಕಟ್ಟೋ ಹುಡುಗರ ಮಾತು ಇದು. ಅವನ ಕೆಳಗೆ ಹನ್ನೆರಡು ಆಳು, ಅವರ ಹಿಂದೆ ಹನ್ನೆರಡು ಮನೆ. ನವೆಂಬರ್ ತಿಂಗಳು ಬಾವುಟ ಕಟ್ಟೋರು, ಜಾತ್ರೆಗೆ ಚಂದಾ ಕೊಡೋರು, ಕನ್ನಡ ಶಾಲೆಗೆ ಮಕ್ಕಳನ್ನ ಕಳಿಸೋರು ಇವರೇ. ಇವನು ಸಾಲಕ್ಕೆ ಬಿದ್ದು ಊರು ಬಿಟ್ಟರೆ ಆ ಶಾಲೆಯಲ್ಲಿ ಎರಡು ಮಕ್ಕಳು ಕಮ್ಮಿ. ಇದು ಸಂಬಂಧ ಅಲ್ಲದೆ ಇನ್ನೇನು?

ಭಾಷಾ ಹಕ್ಕು ಅಂದ್ರೆ ಬೋರ್ಡಿನ ಮೇಲಿನ ಅಕ್ಷರ ಮಾತ್ರ ಅಲ್ಲ. ನಾನು ಸಹಿ ಹಾಕೋ ಕಾಗದದಲ್ಲಿ ಏನಿದೆ ಅಂತ ನನಗೆ ಅರ್ಥ ಆಗೋದೂ ಭಾಷಾ ಹಕ್ಕೇ.

ಈ ಹಕ್ಕು ನಾವು ಹುಟ್ಟಿಸಿಕೊಂಡದ್ದಲ್ಲ. ಸಂವಿಧಾನದ 350ನೇ ವಿಧಿ ಓದಿ. ಕುಂದುಕೊರತೆಯ ಅರ್ಜಿಯನ್ನ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದರೂ ಕೊಡಬಹುದು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ 1956ರಲ್ಲಿ ಕೇಂದ್ರ ಒಂದು ಜ್ಞಾಪನ ಪತ್ರ ಹೊರಡಿಸಿತು. ಅದರಿಂದ ಬೆಳೆದು ಬಂದ ಏರ್ಪಾಡಿನ ಪ್ರಕಾರ, ಒಂದು ತಾಲ್ಲೂಕಿನಲ್ಲಿ ಅಲ್ಪಸಂಖ್ಯಾತ ಭಾಷೆಯವರು 15 ಶೇಕಡಕ್ಕಿಂತ ಹೆಚ್ಚಿದ್ದರೆ ಮುಖ್ಯವಾದ ಸರ್ಕಾರಿ ನಿಯಮ, ನೋಟಿಸುಗಳನ್ನ ಅವರ ಭಾಷೆಯಲ್ಲೂ ಹೊರಡಿಸಬೇಕು. ಪಕ್ಕದ ಕೇರಳ ತನ್ನ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ, ತಮಿಳರು ಮತ್ತು ಕನ್ನಡಿಗರು ಸರ್ಕಾರಕ್ಕೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಬರೆದುಕೊಂಡಿತು. ಅದನ್ನ ಎಷ್ಟರ ಮಟ್ಟಿಗೆ ಪಾಲಿಸಿದ್ರು ಅಂತ ಕಾಸರಗೋಡಿನ ಗೆಳೆಯರನ್ನ ಕೇಳಿ, ಅವರು ಬಿಕ್ಕಿ ಬಿಕ್ಕಿ ನಗ್ತಾರೆ. ಆದರೂ ಹಿಡ್ಕೊಂಡು ಜಗಳ ಆಡಕ್ಕೆ ಒಂದು ಸಾಲು ಇತ್ತಲ್ಲ! ನಮಗೆ ಇಲ್ಲಿ ಅಷ್ಟೂ ಇಲ್ಲ.

ಮಾಹಿತಿ ಹಕ್ಕು ಕಾಯ್ದೆಯನ್ನೇ ನೋಡಿ. ಅರ್ಜಿ ಇಂಗ್ಲಿಷಲ್ಲಿ, ಹಿಂದಿಯಲ್ಲಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಇರಬೇಕು. ಅಂದ್ರೆ ಗಣಪತಿಯಲ್ಲಿ ಕೂತ ಕನ್ನಡಿಗ ಹಿಂದಿಯಲ್ಲಿ ಮಾಹಿತಿ ಕೇಳಬಹುದು, ಕನ್ನಡದಲ್ಲಿ ಕೇಳಿದರೆ ತೆಗೆದುಕೊಳ್ಳಲೇಬೇಕು ಅಂತಿಲ್ಲ!

ಹಾಗಾದ್ರೆ ನಮ್ಮ ಬೇಡಿಕೆ ಏನು? ಗಣಪತಿಯಂಥ ಊರಲ್ಲಿ ಇಡೀ ಟೆಂಡರ್ ದಸ್ತಾವೇಜು ಕನ್ನಡದಲ್ಲಿ ಬೇಕು ಅಂತ ನಾವು ಕೇಳ್ತಿಲ್ಲ, ಅದು ಆಗದ ಮಾತು. ಆದರೆ ತಾಳವಾಡಿಯಲ್ಲಿ, ಹೊಸೂರು ಕಡೆಯ ಕನ್ನಡ ಪ್ರದೇಶಗಳಲ್ಲಿ, ಪಂಚಾಯಿತಿ ಮಟ್ಟದ ಸಣ್ಣ ಕಾಮಗಾರಿಗಳ ಮುಖ್ಯ ಷರತ್ತುಗಳನ್ನ ಎರಡು ಪುಟ ಕನ್ನಡದಲ್ಲಿ ಕೊಡಿ. ಗಡುವು ಯಾವಾಗ, ದಂಡ ಎಷ್ಟು, ಠೇವಣಿ ಯಾವಾಗ ವಾಪಸ್, ದೂರು ಯಾರಿಗೆ, ಎಷ್ಟು ದಿನದೊಳಗೆ, ಇಷ್ಟೇ. ನೋಟಿಸು ಕೊಟ್ಟಾಗ ಒಂದು ಕನ್ನಡ ಪ್ರತಿ ಲಗತ್ತಿಸಿ. ಇದಕ್ಕೆ ಕೋಟಿಗಟ್ಟಲೆ ಖರ್ಚಿಲ್ಲ, ಮನಸ್ಸು ಬೇಕು ಅಷ್ಟೇ.

ಒಂದು ಮಾತು ಇಲ್ಲೇ ಹೇಳಿಬಿಡ್ತೀವಿ. ಇದು ತಮಿಳರ ಮೇಲಿನ ದೂರಲ್ಲ. ನಮ್ಮ ಪಕ್ಕದಲ್ಲೇ ಟೆಂಡರ್ ಹಾಕೋ ತಮಿಳು ಹುಡುಗನಿಗೂ ಬಿಲ್ ಬಂದಿರಲ್ಲ. ಅವನಿಗೂ ಇಂಗ್ಲಿಷಿನ 60 ಪುಟದ ಷರತ್ತು ಅರ್ಥ ಆಗಲ್ಲ. ಕನ್ನಡ ಸರ್ಕಾರ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಂದ್ಕೋಬೇಡಿ.

2022ರ ಏಪ್ರಿಲ್ ನೆನಪಿದೆಯಾ? ಬೆಳಗಾವಿಯ ಗುತ್ತಿಗೆದಾರ ಸಂತೋಷ್ ಪಾಟೀಲ್ ಉಡುಪಿಯ ಲಾಡ್ಜಲ್ಲಿ ಶವವಾಗಿ ಸಿಕ್ಕರು. ಹಿಂಡಲಗಾ ಗ್ರಾಮದಲ್ಲಿ ಸುಮಾರು 4 ಕೋಟಿ ರೂಪಾಯಿ ಕೆಲಸ ಮಾಡಿಸಿದ್ದೀನಿ, ಬಿಲ್ ಆಗ್ತಿಲ್ಲ, ಕಮಿಷನ್ ಕೇಳ್ತಿದ್ದಾರೆ ಅನ್ನೋದು ಅವರ ದೂರಾಗಿತ್ತು. ಇಲಾಖೆ ಹೇಳಿದ್ದು, ನಾವು ಕಾರ್ಯಾದೇಶವನ್ನೇ ಕೊಟ್ಟಿಲ್ಲ ಅಂತ. ಆಗ ಮಂತ್ರಿಯಾಗಿದ್ದ ಕೆ.ಎಸ್. ಈಶ್ವರಪ್ಪ ರಾಜೀನಾಮೆ ಕೊಟ್ಟರು. ಮುಂದೆ ಪೊಲೀಸರು ಅವರ ವಿರುದ್ಧ ಸಾಕ್ಷ್ಯ ಇಲ್ಲ ಅಂತ ಬಿ ರಿಪೋರ್ಟ್ ಹಾಕಿದರು. ಯಾರದ್ದು ಸರಿ ಯಾರದ್ದು ತಪ್ಪು ಅಂತ ತೀರ್ಪು ಕೊಡಕ್ಕೆ ನಾವ್ಯಾರು? ನಾವು ಹಿಡಿದುಕೊಳ್ಳಬೇಕಾದ್ದು ಒಂದು ಮಾತು. ಅಲ್ಲಿ ಮಂತ್ರಿ ಕನ್ನಡಿಗ, ಆಫೀಸು ಕನ್ನಡದ್ದು, ಕಾಗದ ಕನ್ನಡದ್ದು. ಇಲ್ಲದೆ ಹೋಗಿದ್ದು ಒಂದೇ, ಬರಹದಲ್ಲಿ ಆದೇಶ.

ಹಾಗಾಗಿ ತಮ್ಮಂದಿರೇ, ಸರ್ಕಾರಕ್ಕೆ ಬೈಯೋದು ಬೈಯೋಣ. ಅದರ ಜೊತೆಗೆ ನಮ್ಮ ಕೈಯಲ್ಲಿರೋದನ್ನ ನಾವು ಸರಿ ಮಾಡ್ಕೋಬೇಕು. "ನನಗೆ ಆ ಭಾಷೆ ಬರ್ತಿರಲಿಲ್ಲ ಸ್ವಾಮಿ" ಅಂತ ಕೋರ್ಟಲ್ಲಿ ಹೇಳಿದ ಮಾತ್ರಕ್ಕೆ ಬಿಡುಗಡೆ ಇಲ್ಲ. ಸಹಿ ಹಾಕಿದ್ರೆ ಷರತ್ತು ಒಪ್ಪಿದ ಹಾಗೇ ಲೆಕ್ಕ. ಏನೋ ಹೇಳಿ ಇನ್ನೇನಕ್ಕೋ ಸಹಿ ಹಾಕಿಸ್ಕೊಂಡ್ರು ಅನ್ನೋ ಮೋಸವನ್ನ ಸಾಬೀತು ಮಾಡಬೇಕು. ಅದು ಸುಲಭ ಅಲ್ಲ.

ನಮ್ಮ ಹುಡುಗರು ಬೀಳೋ ಹಳ್ಳಗಳು ಯಾವುವು? ನಮ್ಮ ಹತ್ರ ಬಂದ ಕಾಗದಗಳಲ್ಲಿ ಮತ್ತೆ ಮತ್ತೆ ನೋಡಿದ್ದನ್ನ ಹೇಳ್ತೀವಿ.

ಮೊದಲನೇದು ಬಾಯಿಮಾತಿನ ಕೆಲಸ. "ಶುರು ಮಾಡಪ್ಪ, ಆರ್ಡರ್ ಬರುತ್ತೆ" ಅಂತಾರೆ. ನಾವು ಜಲ್ಲಿ ಇಳಿಸಿಬಿಡ್ತೀವಿ. ಸಂವಿಧಾನದ 299ನೇ ವಿಧಿ ಪ್ರಕಾರ ರಾಜ್ಯ ಸರ್ಕಾರದ ಕರಾರು ರಾಜ್ಯಪಾಲರ ಹೆಸರಲ್ಲಿ, ಅಧಿಕಾರ ಇರೋ ಅಧಿಕಾರಿಯ ಸಹಿಯಲ್ಲಿ ಆಗಬೇಕು. ಇಂಜಿನಿಯರ್ ಫೋನಲ್ಲಿ ಹೇಳಿದ್ದು ಕರಾರಲ್ಲ. ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ಪಶ್ಚಿಮ ಬಂಗಾಳದಲ್ಲಿ ಬಿ.ಕೆ. ಮಂಡಲ್ ಅಂಡ್ ಸನ್ಸ್ ಅನ್ನೋರು ನಾಗರಿಕ ಸರಬರಾಜು ಇಲಾಖೆಗೆ ಸರಿಯಾದ ಕರಾರಿಲ್ಲದೆ ಕಟ್ಟಡ ಕಟ್ಟಿಕೊಟ್ಟಿದ್ರು. ಸರ್ಕಾರ ದುಡ್ಡು ಕೊಡಲ್ಲ ಅಂತು. 1872ರ ಕರಾರು ಕಾಯ್ದೆಯ 70ನೇ ಕಲಂ ಪ್ರಕಾರ, ಪುಕ್ಕಟೆ ಅಂದ್ಕೊಳ್ಳದೆ ಮಾಡಿದ ಕೆಲಸದ ಲಾಭವನ್ನ ಸರ್ಕಾರ ಉಂಡಿದ್ರೆ ಪರಿಹಾರ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟು ಹೇಳಿತು. 60 ವರ್ಷದ ಮೇಲಾಯ್ತು, ಇವತ್ತಿಗೂ ಕೋರ್ಟುಗಳು ಆ ತೀರ್ಪನ್ನ ಎತ್ತಿ ಹೇಳ್ತಾವೆ. ಆದರೆ ಆ ದಾರಿ ಹಿಡಿದ್ರೆ ವರ್ಷಗಟ್ಟಲೆ ಕೋರ್ಟು. ಆರ್ಡರ್ ಕೈಗೆ ಬರೋ ತನಕ ಒಂದು ಬಾಂಡ್ಲಿ ಜಲ್ಲಿನೂ ಇಳಿಸದೆ ಇರೋದು ಅದಕ್ಕಿಂತ ಸುಲಭ ಅಲ್ವಾ?

ಎರಡನೇದು ತುಂಡು ಗುತ್ತಿಗೆ. ದೊಡ್ಡ ಕಾಂಟ್ರಾಕ್ಟರ್ ಹೆಸರಲ್ಲಿ ಟೆಂಡರು, ಬೆವರು ನಮ್ಮದು. ಬಿಲ್ ಬಂತಾ ಅಂತ ಕೇಳಿದ್ರೆ "ಆಫೀಸಿಂದ ಬಂದಿಲ್ಲ ತಂಬಿ" ಅಂತಾನೆ. ಆಫೀಸಿಗೆ ಹೋದ್ರೆ "ನೀನು ಯಾರು?" ಅಂತಾರೆ. ಅವರು ಕೇಳೋದು ಕಾನೂನಿನ ಪ್ರಕಾರ ಸರಿಯಾಗೇ ಇದೆ. ನಮಗೂ ಆಫೀಸಿಗೂ ಕರಾರೇ ಇಲ್ಲ. ಎಷ್ಟೋ ಕರಾರುಗಳಲ್ಲಿ ಲಿಖಿತ ಅನುಮತಿ ಇಲ್ಲದೆ ಉಪಗುತ್ತಿಗೆ ಕೊಡೋದೇ ತಪ್ಪು. ಕನಿಷ್ಠ ಆ ದೊಡ್ಡವನ ಹತ್ರ ಒಂದು ಕಾಗದ ಮಾಡ್ಕೊಳ್ಳಿ. ದರ ಎಷ್ಟು, ಅಳತೆ ಯಾರು ತಗೋತಾರೆ, ದುಡ್ಡು ಯಾವಾಗ, ಈ ಮೂರು ಸಾಲು ಬರೆಸಿ. ದುಡ್ಡನ್ನ ಬ್ಯಾಂಕ್ ಮೂಲಕವೇ ಇಸ್ಕೊಳ್ಳಿ. "ನಮ್ಮೋರೇ ಅಲ್ವಾ, ಕಾಗದ ಯಾಕೆ?" ಅನ್ನೋನ ಹತ್ರ ಮೊದಲು ಕಾಗದ ಮಾಡ್ಕೊಳ್ಳಿ.

ಮೂರನೇದು ತೆರಿಗೆ. ರಸ್ತೆ, ಸೇತುವೆಯಂಥ ಸರ್ಕಾರಿ ಕಾಮಗಾರಿಗೆ ಜಿಎಸ್‌ಟಿ 12 ಶೇಕಡ ಇತ್ತು. 2022ರ ಜುಲೈ 18ರಿಂದ 18 ಶೇಕಡ ಆಯ್ತು. ಹತ್ತು ಲಕ್ಷದ ಕೆಲಸಕ್ಕೆ 1,20,000 ಇದ್ದದ್ದು 1,80,000. ಹಳೇ ದರದಲ್ಲಿ ಟೆಂಡರ್ ಹಾಕಿ, ಕರಾರಿನಲ್ಲಿ "ಎಲ್ಲ ತೆರಿಗೆ ಸೇರಿ" ಅಂತ ಇದ್ದಿದ್ರೆ ಆ 60,000 ಯಾರ ತಲೆ ಮೇಲೆ? ಇಂಥ ಜಗಳಗಳು ದೇಶದ ತುಂಬ ಕೋರ್ಟಿಗೆ ಹೋದವು. ಇದಲ್ಲದೆ ಬಿಲ್ಲಿನಲ್ಲಿ ಹಿಡಿಯೋ ದುಡ್ಡಿದೆ. ಆದಾಯ ತೆರಿಗೆಗೆ ಒಬ್ಬನೇ ಮಾಲೀಕನಾದ್ರೆ 1 ಶೇಕಡ, ಎರಡೂವರೆ ಲಕ್ಷ ಮೀರಿದ ಕರಾರಿಗೆ ಜಿಎಸ್‌ಟಿ ಟಿಡಿಎಸ್ 2 ಶೇಕಡ, ಕಟ್ಟಡ ಕಾರ್ಮಿಕರ ಸೆಸ್ 1 ಶೇಕಡ. ಮೊದಲೆರಡು ನಿಮ್ಮ ಲೆಕ್ಕಕ್ಕೆ ಜಮಾ ಆಗೋ ದುಡ್ಡು, ಕಳೆದುಹೋದದ್ದಲ್ಲ. ರಿಟರ್ನ್ ಹಾಕಿ ಕೇಳಿ ತಗೋಬೇಕು. ಕೇಳದೆ ಬಿಟ್ಟೋರು ನಮ್ಮಲ್ಲೇ ಎಷ್ಟು ಜನ!

ನಾಲ್ಕನೇದು ದಿನದ ಲೆಕ್ಕ. ಟೆಂಡರ್ ಪಾರದರ್ಶಕತೆಗೆ ತಮಿಳುನಾಡು 1998ರಲ್ಲೇ ಕಾಯ್ದೆ ಮಾಡಿತು, ಕರ್ನಾಟಕ 1999ರಲ್ಲಿ. ಟೆಂಡರ್ ನಿರ್ಧಾರದ ಮೇಲೆ ಮೇಲ್ಮನವಿ ಹಾಕಕ್ಕೆ ಕರ್ನಾಟಕದ ಕಾಯ್ದೆಯಲ್ಲಿ 30 ದಿನ. ತಮಿಳುನಾಡಿನ ಕಾಯ್ದೆಯಲ್ಲಿ ಆದೇಶ ಕೈಗೆ ಬಂದ ದಿನದಿಂದ 10 ದಿನ. ಹತ್ತೇ ದಿನ! ತಮಿಳು ಓದಕ್ಕೆ ಬರೋರನ್ನ ಹುಡುಕೋದ್ರಲ್ಲೇ ವಾರ ಕಳೆಯುತ್ತೆ. ಭಾಷೆ ಗೊತ್ತಿಲ್ಲದಿದ್ರೆ ಹಕ್ಕು ಹೇಗೆ ಸಾಯುತ್ತೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಾ? ಮಾಡಿದ ಕೆಲಸದ ದುಡ್ಡಿಗೆ ದಾವೆ ಹಾಕಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಮಿತಿ. "ನೋಡೋಣ, ಮುಂದಿನ ಬಜೆಟ್ಟಲ್ಲಿ ಕೊಡ್ತಾರೆ" ಅಂತ ಕೂತ್ರೆ ಆ ಮೂರು ವರ್ಷ ಗೊತ್ತಾಗದ ಹಾಗೆ ಓಡಿಹೋಗುತ್ತೆ.

ಐದನೇದು ಪಂಚಾಯ್ತಿ ಮಾಡೋರು ಯಾರು ಅನ್ನೋದು. ಜಗಳ ಬಂದ್ರೆ ತೀರ್ಮಾನ ಮಾಡೋ ಮಧ್ಯಸ್ಥಗಾರನನ್ನ ಇಲಾಖೆಯೇ ನೇಮಿಸುತ್ತೆ ಅಂತ ಕೆಲವು ಕರಾರಿನಲ್ಲಿ ಇರುತ್ತೆ. ಕಳ್ಳತನದ ದೂರನ್ನ ಕಳ್ಳನ ಭಾವನೇ ವಿಚಾರಿಸಿದ ಹಾಗೆ. ಸರ್ಕಾರಿ ಕರಾರುಗಳಲ್ಲಿ ಒಂದೇ ಕಡೆಯವರು ಮಧ್ಯಸ್ಥಗಾರನನ್ನ ನೇಮಿಸೋದು ಸಂವಿಧಾನದ 14ನೇ ವಿಧಿಯ ಸಮಾನತೆಗೆ ವಿರುದ್ಧ ಅಂತ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಅದು ಆ ದಿನದಿಂದ ಮುಂದಿನ ನೇಮಕಗಳಿಗೆ. ನಿಮ್ಮ ಕರಾರಿನಲ್ಲಿ ಇನ್ನೂ ಹಳೇ ಷರತ್ತೇ ಇದ್ರೆ ವಕೀಲರಿಗೆ ತೋರಿಸಿ.

ಈಗ ಸರ್ಕಾರಗಳನ್ನ ಒಂದು ಪ್ರಶ್ನೆ ಕೇಳ್ತೀವಿ. ನಾವು ಒಂದು ವಾರ ತಡ ಮಾಡಿದ್ರೆ ದಂಡ. ನೋಟಿಸಿಗೆ 15 ದಿನ, ಮೇಲ್ಮನವಿಗೆ 10 ದಿನ. ನೀವು ಬಿಲ್ ಕೊಡಕ್ಕೆ ಎಷ್ಟು ದಿನ? ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ದುಡ್ಡು ಕೊಡಬೇಕು, ತಡ ಆದ್ರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತೆ. ಆದರೆ ಕಾಮಗಾರಿ ಗುತ್ತಿಗೆಗೆ ಅದು ಅನ್ವಯ ಆಗುತ್ತಾ ಅನ್ನೋದ್ರಲ್ಲಿ ಹೈಕೋರ್ಟುಗಳೇ ಒಂದೇ ಮಾತು ಆಡಿಲ್ಲ. ಅಂದ್ರೆ ನಟ್ಟು ಬೋಲ್ಟು ಸಪ್ಲೈ ಮಾಡಿದೋನಿಗೆ ಇರೋ ರಕ್ಷಣೆ, ಬಿಸಿಲಲ್ಲಿ ಚರಂಡಿ ತೋಡಿದೋನಿಗೆ ಇದೆಯೋ ಇಲ್ಲವೋ ಗೊತ್ತಿಲ್ಲ. ಗಡುವು ನಮಗೆ ಮಾತ್ರ, ನಿಮಗಿಲ್ಲ. ಇದ್ಯಾವ ಸೀಮೆ ನ್ಯಾಯ?

ಇನ್ನು ಕಹಿ ಮಾತು. ಇದನ್ನ ಹೇಳಿದ್ರೆ ನಮ್ಮೋರೇ ಕೆಲವರು ಮುನಿಸ್ಕೋತಾರೆ. ಮುನಿಸ್ಕೊಳ್ಳಲಿ.

ನಮ್ಮ ಸಣ್ಣ ಕಾಂಟ್ರಾಕ್ಟರುಗಳು ಸರ್ಕಾರದಿಂದ ಅನುಭವಿಸೋ ಅನ್ಯಾಯವನ್ನೇ ತಮ್ಮ ಆಳುಗಳಿಗೆ ಮಾಡ್ತಿದ್ದಾರೆ. ಬೆಟ್ಟದ ಮೇಲಿನ ಊರುಗಳಿಂದ ಜೀಪು ತುಂಬಿಸ್ಕೊಂಡು ಬರ್ತಾರೆ. ನಮ್ಮೋನು, ಕನ್ನಡದೋನು ಅಂತ ನಂಬಿ ಅವರು ಬರ್ತಾರೆ. ಹಾಜರಿ ಪುಸ್ತಕ ಇಲ್ಲ, ಕೂಲಿ ಚೀಟಿ ಇಲ್ಲ. ಕೇಳಿದ್ರೆ "ಬಿಲ್ ಬರಲಿ ಕೊಡ್ತೀನಿ". ಟೆಂಡರಿಗೆ ಬೇಕು ಅಂತ ಪಿಎಫ್ ನಂಬರ್ ಮಾತ್ರ ಮಾಡಿಸಿರ್ತಾರೆ. ಆಳಿನ ಕೂಲಿಯಿಂದ 12 ಶೇಕಡ ಹಿಡೀತಾರೆ, ಕಟ್ಟಲ್ಲ. ಹಿಡಿದ ದುಡ್ಡು ಕಟ್ಟದೆ ಇರೋದು ಬರೀ ಬಾಕಿ ಅಲ್ಲ, ಕ್ರಿಮಿನಲ್ ನಂಬಿಕೆ ದ್ರೋಹ. ಪಿಎಫ್ ಆಫೀಸು ಅದರ ಮೇಲೆ ಬಡ್ಡಿ, ದಂಡ ಎರಡೂ ಹಾಕುತ್ತೆ. ಇಎಸ್‌ಐ ಬಾಬ್ತು ಆಳಿನದ್ದು 0.75, ಮಾಲೀಕನದ್ದು 3.25 ಶೇಕಡ. ಅಷ್ಟು ಉಳಿಸಕ್ಕೆ ಹೋಗಿ, ಸೆಂಟ್ರಿಂಗ್ ಮೇಲಿಂದ ಒಬ್ಬ ಬಿದ್ರೆ ಆಸ್ಪತ್ರೆ ಬಿಲ್ಲಿಗೆ ಎರಡು ಮನೆ ಒಟ್ಟಿಗೆ ಮುಳುಗುತ್ತೆ, ಆಳಿನದೂ ನಿನ್ನದೂ.

ಆಳಾಗಿ ದುಡಿಯೋ ತಮ್ಮ ತಂಗಿಯರಿಗೆ ಒಂದು ಮಾತು. ಕಾಂಟ್ರಾಕ್ಟರ್ ಕೂಲಿ ಕೊಡದಿದ್ರೆ ಕೆಲಸ ಮಾಡಿಸ್ಕೊಂಡ ಮೂಲ ಮಾಲೀಕ, ಅಂದ್ರೆ ಆ ಇಲಾಖೆ, ಕೊಡಬೇಕು. ಕೊಟ್ಟು ಕಾಂಟ್ರಾಕ್ಟರಿಂದ ವಸೂಲಿ ಮಾಡ್ಕೋಬೇಕು. ಇದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿದ್ದ ಮಾತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಇದೆ. ಆದರೆ ಮೊದಲು 20 ಆಳಿದ್ರೆ ಸಾಕಾಗಿದ್ದ ಗುತ್ತಿಗೆ ಕಾರ್ಮಿಕ ನಿಯಮಗಳು ಈಗ 50 ಆಳಿಗೆ ಏರಿವೆ. ಅಂದ್ರೆ ಹನ್ನೆರಡು ಆಳಿನ ಸಣ್ಣ ಗುಂಪು ಮೊದಲಿಗಿಂತ ಹೆಚ್ಚು ಎಚ್ಚರ ಇರಬೇಕು. ಹಾಜರಿಯನ್ನ ನಿಮ್ಮ ಪುಸ್ತಕದಲ್ಲೂ ಬರೀರಿ, ಕನ್ನಡದಲ್ಲೇ ಬರೀರಿ. ಕೂಲಿಗಾರರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪುಕ್ಕಟೆ ವಕೀಲರು ಸಿಗ್ತಾರೆ. ನಾಚ್ಕೋಬೇಡಿ, ಹೋಗಿ ಕೇಳಿ.

ಕನ್ನಡದಲ್ಲಿ ಮಾಡಿದ ಮೋಸವೂ ಮೋಸವೇ. ನಮ್ಮ ಬಾವುಟ ಅಂಥೋರಿಗೆ ಮುಚ್ಚಿಕೊಳ್ಳೋ ಹೊದಿಕೆ ಆಗಬಾರದು. ಆಳಿನ ಪಿಎಫ್ ನುಂಗಿದೋನು ನಮ್ಮ ವೇದಿಕೆ ಮೇಲೆ ಶಾಲು ಹೊದ್ದುಕೊಂಡು ಕೂತ್ರೆ ನಾವು ಆ ವೇದಿಕೆಯಿಂದ ಇಳೀತೀವಿ.

ಹಾಗಾದ್ರೆ ಏನ್ ಮಾಡೋಣ?

ಗಣಪತಿಯಲ್ಲೇ ಒಂದು ಬೀದಿಯಲ್ಲಿ ಎರಡು ಥರದ ಕನ್ನಡಿಗರಿದ್ದಾರೆ. ಒಬ್ಬರು ಎಷ್ಟೋ ತಲೆಮಾರಿನಿಂದ ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲೇ ಇರೋ ದೇವಾಂಗರು, ಒಕ್ಕಲಿಗರು, ಇನ್ನೂ ಬೇರೆಯವರು. ಮನೆಯಲ್ಲಿ ಕನ್ನಡ ಮಾತಾಡ್ತಾರೆ, ಓದಿದ್ದು ತಮಿಳಲ್ಲಿ. ಅವರಿಗೆ ಕನ್ನಡ ಅಕ್ಷರ ಬರಲ್ಲ. ಇನ್ನೊಬ್ಬರು ತಾಳವಾಡಿ ಕಡೆಯಿಂದ ಇಳಿದು ಬಂದ ಹುಡುಗರು. ಕನ್ನಡ ಓದ್ತಾರೆ, ತಮಿಳು ಅಕ್ಷರ ಬರಲ್ಲ. ಇಬ್ಬರೂ ಒಂದೇ ಟೀ ಅಂಗಡಿಯಲ್ಲಿ ಒಂದೇ ಭಾಷೆಯಲ್ಲಿ ಮಾತಾಡ್ತಾರೆ. ಆ ನೋಟಿಸನ್ನ ಓದಿ ಹೇಳಬಲ್ಲ ಅಜ್ಜ ನಮ್ಮ ಹುಡುಗನ ಮನೆಯಿಂದ ಮೂರನೇ ಮನೆಯಲ್ಲೇ ಇದ್ದರು. ಕೇಳಬಹುದು ಅಂತ ಹುಡುಗನಿಗೆ ಗೊತ್ತಿರಲಿಲ್ಲ, ನಾವು ಹೇಳಿರಲಿಲ್ಲ. ನಾವು ಕಟ್ಟಬೇಕಾದ ಸಂಘಟನೆ ಇದು. ಅವರು ನಮಗೆ ತಮಿಳು ಕಾಗದ ಓದಿ ಹೇಳಲಿ, ನಾವು ಅವರ ಮೊಮ್ಮಕ್ಕಳಿಗೆ ಕನ್ನಡ ಅಕ್ಷರ ಕಲಿಸೋಣ. ಈ ಬರಹವನ್ನೂ ಅವರಿಗೆ ಓದಿ ಹೇಳಿ.

ಅಲ್ಲಿವರೆಗೆ ಆಫೀಸಿನ ನಾಲ್ಕು ತಮಿಳು ಮಾತು ಬಾಯಿಪಾಠ ಮಾಡ್ಕೊಳ್ಳಿ. ಒಪ್ಪಂದಪ್ಪುಳ್ಳಿ ಅಂದ್ರೆ ಟೆಂಡರು. ಪಣಿ ಆಣೈ ಅಂದ್ರೆ ಕಾರ್ಯಾದೇಶ, ಇದಿಲ್ಲದೆ ಕೆಲಸ ಶುರು ಮಾಡಬೇಡಿ. ವೈಪ್ಪುತ್ತೊಗೈ ಅಂದ್ರೆ ಠೇವಣಿ. ವಿಳಕ್ಕಂ ಅಂದ್ರೆ ವಿವರಣೆ, ಕಾಗದದಲ್ಲಿ ವಿಳಕ್ಕಂ ಕೇಳಿದ್ದಾರೆ ಅಂದ್ರೆ ಉತ್ತರ ಕೊಡಲೇಬೇಕು. ನಾಟ್ಕಳುಕ್ಕುಳ್ ಅಂದ್ರೆ ಇಷ್ಟು ದಿನದೊಳಗೆ, ಅದರ ಹಿಂದೆ ಇರೋ ಅಂಕಿ ನಿಮ್ಮ ಗಡುವು. ಕರುಪ್ಪುಪ್ ಪಟ್ಟಿಯಲ್ ಅಂದ್ರೆ ಕಪ್ಪುಪಟ್ಟಿ. ತಮಿಳು ಕಲಿತ್ರೆ ಕನ್ನಡ ಕಮ್ಮಿ ಆಗಲ್ಲ. ಕಲೀರಿ.

ಪ್ರತಿ ಕಾಗದಕ್ಕೂ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿ ಮೇಲೆ ತಪಾಲಿನಲ್ಲಿ ಸೀಲು ಹಾಕಿಸ್ಕೊಳ್ಳಿ. ಸೈಟಲ್ಲಿ ತೊಂದರೆ ಬಂದ ದಿನವೇ ಫೋಟೋ ತೆಗೆದು ಬರೆದು ಕೊಡಿ. 350ನೇ ವಿಧಿ ಇದೆ ಅಂತ ಕನ್ನಡದಲ್ಲಿ ಧೈರ್ಯವಾಗಿ ಬರೀರಿ. ಜೊತೆಗೆ ಇಂಗ್ಲಿಷ್ ಇಲ್ಲಾ ತಮಿಳು ಪ್ರತಿನೂ ಇಡಿ, ಯಾಕಂದ್ರೆ ನಮಗೆ ಹಕ್ಕೂ ಬೇಕು, ಬಿಲ್ಲೂ ಬೇಕು. ಅಳತೆ ಪುಸ್ತಕದ ನಕಲನ್ನ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

ಸಾಲ ತಲೆ ಮೇಲೆ ಬಂದು ರಾತ್ರಿ ನಿದ್ದೆ ಬರದಿದ್ರೆ ಒಬ್ಬರೇ ಕೂರಬೇಡಿ. ಯಾವ ಬಿಲ್ಲೂ ನಿಮ್ಮ ಜೀವಕ್ಕಿಂತ ದೊಡ್ಡದಲ್ಲ. ಮನೆಯವರಿಗೆ ಹೇಳಿ, ಗೆಳೆಯರಿಗೆ ಹೇಳಿ, ನಮಗೆ ಹೇಳಿ.

ಆ ತಮ್ಮನ ಕಪ್ಪುಪಟ್ಟಿ ಆದೇಶವನ್ನ ಈಗ ವಕೀಲರ ಕೈಗೆ ಕೊಟ್ಟಿದ್ದೀವಿ. ಗೆಲ್ತೀವೋ ಸೋಲ್ತೀವೋ ನೋಡೋಣ. ಗೆದ್ದರೂ ಅವನ ಹೆಂಡತಿಯ ಬಳೆ ಅಡವಿನಿಂದ ಬಿಡಿಸಕ್ಕೆ ಇನ್ನೂ ಕಾಲ ಬೇಕು. ಮುಂದಿನ ಹುಡುಗನಿಗೆ ಹೀಗಾಗಬಾರದು. ನಿಮ್ಮ ಕೈಯಲ್ಲೂ ಅರ್ಥವಾಗದ ಕಾಗದ ಇದ್ರೆ ಎತ್ತಿಡಬೇಡಿ, ಇವತ್ತೇ ಯಾರಿಗಾದರೂ ತೋರಿಸಿ. ನಮಗೆ ಕಳಿಸೋದಾದ್ರೆ ಹೆಸರು, ನಂಬರು ಮುಚ್ಚಿ ಕಳಿಸಿ. ಕೂತು ಓದೋಣ.

ಕಾಂಟ್ರಾಕ್ಟ್ ಕೆಲಸ ಮಾಡೋ ನಿಮ್ಮ ಅಣ್ಣ, ಮಾವ, ಭಾವ ಯಾರಿದ್ರೂ ಅವರಿಗೆ ಇದನ್ನ ಕಳಿಸಿ.

ಕನ್ನಡ ಉಳೀಬೇಕಾದ್ರೆ ಕನ್ನಡಿಗನ ಮನೆ ಉಳೀಬೇಕು.

ಸಿರಿಗನ್ನಡಂ ಗೆಲ್ಗೆ.